ಕಾಲುಂಗುರದ ಕೆಳಗೆ

ಬಸವಕಲ್ಯಾಣದ ಕಾಲೇಜೊಂದರಲ್ಲಿ ಪಾಠ ಮಾಡುತ್ತಲೇ ನಾನು ಸಂಶೋಧನೆಗೆ ಕೈಹಾಕಿದ್ದು ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾದ ಮೇಲೆ. ಬೇವಿನೆಲೆ ಕುದಿಸಿದ ರಸಕ್ಕೆ ಸಿಲ್ವರ್ ನೈಟ್ರೇಟಿನ ನೀರು ಬೆರೆಸಿ ಕಾಯುವುದು ನನ್ನ ಕೆಲಸ. ತಿಳಿಹಳದಿ ನೀರು ನಿಧಾನಕ್ಕೆ ಕಂದು ಬಣ್ಣಕ್ಕೆ ತಿರುಗಿದರೆ ಬೆಳ್ಳಿಯ ಅತಿಸೂಕ್ಷ್ಮ ಕಣಗಳು ಹುಟ್ಟಿವೆ ಎಂದರ್ಥ. ಶಿಲೀಂಧ್ರ ಬೆಳೆಸುವ ಗಾಜಿನ ತಟ್ಟೆಗೆ ಅದರ ಒಂದು ಹನಿ ಹಾಕಿದರೆ, ಹನಿಯ ಸುತ್ತ ಬೂಷ್ಟು ಹಿಡಿಯದ ಉಂಗುರ ಮೂಡುತ್ತಿತ್ತು. ಅದನ್ನು ನೋಡಿ ನಾನು ಹಿರಿಹಿರಿ ಹಿಗ್ಗುತ್ತಿದ್ದೆ.

ದುಬಲಗುಂಡಿಯಲ್ಲಿದ್ದ ಅವ್ವನ ಕಾಲಲ್ಲೂ ಶಿಲೀಂಧ್ರವೇ. ಮಳೆಗಾಲವಿಡೀ ಹಸಿ ಹೊಲದಲ್ಲಿ ಕಳೆ ಕೀಳುವವಳು. ಕಾಲುಂಗುರದ ಕೆಳಗೆ, ಬೆರಳ ಸಂದಿಯಲ್ಲಿ ಕೆಸರುಹುಣ್ಣು. ಹುಮನಾಬಾದಿನ ಡಾಕ್ಟರು ಮುಲಾಮು ಕೊಟ್ಟು, ಉಂಗುರ ತೆಗೆದು ಕಾಲು ಒಣಗಿಸಿಕೊಳ್ಳದಿದ್ದರೆ ಯಾವ ಮದ್ದೂ ನಾಟದು ಎಂದಿದ್ದರು. ಗಂಡ ಬದುಕಿರುವಾಗ ಕಾಲುಂಗುರ ತೆಗೆಯುವುದೇ? ಅವ್ವ ಆ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ನಾನು ರೇಗಿದೆ. ನಾಲ್ಕು ದಿನ ತೆಗೆದಿಟ್ಟರೆ ತಾನೇನು ಸತ್ತುಹೋಗುವುದಿಲ್ಲ ಎಂದು ಅಪ್ಪ ನಕ್ಕ. ಅವತ್ತೆಲ್ಲ ಅವ್ವ ಅವನ ಜೊತೆ ಮಾತೇ ಬಿಟ್ಟಳು.

ನನ್ನ ಕೆಲಸದ ವಿಷಯ ಹೇಳಿದಾಗ ಅವಳಿಗೆ ನಗು. "ಬೆಳ್ಳಿಲಿಂದ ಹುಣ್ಣು ಮಾಯೋದಿದ್ರ, ಇಷ್ಟು ವರ್ಷ ನನ್ನ ಕಾಲಾಗ ಕುಂತು ಏನ್ ಮಾಡಾಕತ್ತದ ಅದು?" ಅಂದಳು. ಗಟ್ಟಿ ಬೆಳ್ಳಿ ಬೇರೆ, ಕಣ ಬೇರೆ ಎಂದು ವಿವರಿಸಿದೆ. ಹಾಗಾದರೆ ನಿನ್ನ ನೀರನ್ನೇ ಒಂದು ಶೀಶೆ ತಾ ಎಂದಳು. ತಟ್ಟೆಯಲ್ಲಿ ಕೆಲಸ ಮಾಡಿದ್ದನ್ನೆಲ್ಲ ಮನುಷ್ಯರ ಮೈಗೆ ಹಚ್ಚಲಾಗದು ಎಂದೆ. ಅವ್ವ ಮುಖ ಸಪ್ಪಗೆ ಮಾಡಿಕೊಂಡು ಒಲೆಯ ಮುಂದೆ ಹೋದಳು.

ಆ ಚಳಿಗಾಲದಲ್ಲಿ ಎದೆನೋವೆಂದು ಕುಳಿತ ಅಪ್ಪ ಮತ್ತೆ ಏಳಲಿಲ್ಲ. ಮಣ್ಣು ಮಾಡುವ ಮುಂಚೆ ಓಣಿಯ ಹೆಂಗಸರು ಅವ್ವನ ಕಾಲುಂಗುರ ತೆಗೆಯಲು ಕುಳಿತರು. ಬಾತ ಬೆರಳುಗಳಿಂದ ಅವು ಸುಲಭಕ್ಕೆ ಬರಲಿಲ್ಲ. ಎಣ್ಣೆ ಹಚ್ಚಿ ಎಳೆದರು. ಅವಳು ನೋವಿಗೆ ಅತ್ತಳೋ ಅಪ್ಪನಿಗಾಗಿ ಅತ್ತಳೋ ತಿಳಿಯಲಿಲ್ಲ. ಆ ಪದ್ಧತಿ ಕಂಡು ನನಗೆ ಮೈಯೆಲ್ಲ ಉರಿಯಿತು.

ಮುಂದಿನ ಮಳೆಗಾಲದಲ್ಲಿ ಊರಿಗೆ ಹೋದೆ. ಅವ್ವ ಹೊಲದಿಂದ ಬಂದು ಕಾಲು ತೊಳೆದು ಕಟ್ಟೆಯ ಮೇಲೆ ಚಾಚಿ ಕುಳಿತಳು. ಬೆರಳ ಸಂದಿ ಒಣಗಿ ಹೊಸ ಚರ್ಮ ಬಂದಿತ್ತು. ಉಂಗುರವಿದ್ದಲ್ಲಿ ಬಿಳಿ ಗೆರೆ ಮಾತ್ರ. ಡಾಕ್ಟರು ಹೇಳಿದ್ದು ಸರಿಯಾಗಿತ್ತು. ಹುಣ್ಣು ಪೂರ್ತಿ ಮಾಯ್ದಿದೆಯಲ್ಲ ಎಂದೆ. ಅವಳು ಆ ಗೆರೆಯನ್ನು ಹೆಬ್ಬೆರಳಿಂದ ಸವರಿಕೊಂಡಳು.

"ಹೌದವಾ, ಮಾಯ್ತು," ಅಂದಳು. "ಹುಣ್ಣೇ ಇದ್ದಿದ್ರ ಚೊಲೋ ಇತ್ತು."