ದಿನಕ್ಕೊಂದು ತಪ್ಪು

ಹೋದ ತಿಂಗಳು ಮತ್ತಿಕೆರೆಯಲ್ಲಿ ಹೊಸದಾಗಿ ಶುರುವಾದ ಜೋಳದ ರೊಟ್ಟಿ ಅಂಗಡಿಯ ಮುಂದೆ ಹಾದುಹೋಗುವಾಗ ಹುರಿದ ಶೇಂಗಾ, ಬಿಸಿ ಬೆಲ್ಲ ಎರಡೂ ಸೇರಿದ ವಾಸನೆ ಬಂತು. ಒಳಗೆ ಶೇಂಗಾ ಉಂಡಿ ಕಟ್ಟುತ್ತಿದ್ದರು. ವಾಸನೆಯಿಂದ ನೆನಪು ಬರುತ್ತದೆ ಎನ್ನುವುದನ್ನು ನಾನು ಪೂರ್ತಿ ನಂಬುವವನಲ್ಲ. ನೆನಪು ಮೊದಲೇ ಎದ್ದು ಕೂತಿರುತ್ತದೆ, ವಾಸನೆ ಬರೀ ನೆಪ ಎಂದು ವಾದಿಸಬಲ್ಲೆ. ಆದರೆ ವಾದಿಸಲು ಪಕ್ಕದಲ್ಲಿ ಯಾರೂ ಇರಲಿಲ್ಲ. ನಮ್ಮ ಸೀನಿಯರ್ ಕಣ್ಣ ಮುಂದೆ ಬಂದುಬಿಟ್ಟರು...

ಅದು ಎಪ್ಪತ್ತರ ದಶಕದ ಕೊನೆ. ನಾನು ಗಣಿತದಲ್ಲಿ ಪಿಎಚ್.ಡಿ.ಗೆ ಸೇರಿದ್ದೆ. ಅವರು ನನಗಿಂತ ಬಹಳ ಮೊದಲು ಸೇರಿದ್ದವರು, ಗದಗಿನ ಕಡೆಯವರು. ಮತ್ತಿಕೆರೆಯಲ್ಲಿ ಒಂದು ಕೋಣೆ ಹಿಡಿದು ಇಬ್ಬರೂ ಇದ್ದೆವು. ಕೋಣೆಯ ಬಾಗಿಲಿನ ಒಳಮೈಗೆ ಅವರು ಕಪ್ಪು ಬಣ್ಣ ಬಳಿದು ಹಲಗೆ ಮಾಡಿಕೊಂಡಿದ್ದರು. ಮನೆಯ ಒಡತಿ ಒಮ್ಮೆ ಅದನ್ನು ನೋಡಿ, "ನೀವು ಓದೋರೋ, ಮಾಟ ಮಾಡೋರೋ? ಏನ್ರಪ್ಪಾ ಇದು, ಯಂತ್ರ ಬರ್ದಂಗೆ" ಎಂದರು.

"ಮಾಟ ಆಗಿದ್ರ ಇಷ್ಟೊತ್ತಿಗೆ ಕೆಲಸ ಮಾಡ್ತಿತ್ರೀ ಅಕ್ಕಾರ" ಎಂದರು ಇವರು. ಅವರ ಥೀಸಿಸ್ ಅಷ್ಟು ಕಾಲದಿಂದ ಎಳೆಯುತ್ತಿತ್ತು. ವಿಶ್ವವಿದ್ಯಾಲಯ ಅವಧಿಯನ್ನು ವಿಸ್ತರಿಸುವಷ್ಟೂ ವಿಸ್ತರಿಸಿ ಆಗಿತ್ತು. ಆ ವರ್ಷ ಸಲ್ಲಿಸದಿದ್ದರೆ ನೋಂದಣಿ ರದ್ದು.

ನನಗೆ ಎಂ.ಎಸ್ಸಿ. ಮೊದಲ ವರ್ಷದವರಿಗೆ ಟ್ಯುಟೋರಿಯಲ್ ತರಗತಿ ತೆಗೆದುಕೊಳ್ಳುವ ಕೆಲಸ ಬಂತು. ನಾನು ಹಗಲೆಲ್ಲ ತಯಾರಿ ಮಾಡಿ, ಒಂದು ಚುಕ್ಕೆಯೂ ತಪ್ಪದ ಹಾಗೆ ಪ್ರಮೇಯಗಳ ಸಾಧನೆಗಳನ್ನು ಹಲಗೆಯ ಮೇಲೆ ಬರೆಯುತ್ತಿದ್ದೆ. ಹುಡುಗರು ತೂಕಡಿಸುತ್ತಿದ್ದರು. ಒಂದು ದಿನ ಸೀನಿಯರ್ ಬಂದು ಕೊನೆಯ ಬೆಂಚಿನಲ್ಲಿ ಕೂತರು. ಮುಗಿದ ಮೇಲೆ ಹೊರಗೆ ಕಾರಿಡಾರಿನಲ್ಲಿ ಕೇಳಿದರು: "ಏನೋ ತಮ್ಮಾ, ಪಾಠ ಮಾಡಿದ್ಯೋ, ತಿಥಿ ಮಾಡಿದ್ಯೋ?"

ನಾನು ಮುಖ ಊದಿಸಿಕೊಂಡೆ.

"ನೀ ಬರೀತಿ, ಅವರು ಬರಕೋತಾರ. ನೋಡೋರು ಯಾರೂ ಇಲ್ಲ. ನಾಳಿಂದ ಬೇಕಂತನ ಒಂದು ತಪ್ಪು ಇಡು. ಇಟ್ಟೀನಿ ಅಂತ ಮೊದಲ ಹೇಳಿಬಿಡು. ಹಿಡದವರಿಗೆ ಒಂದು ಉಂಡಿ."

ಊರಿನಿಂದ ಅವರ ತಾಯಿ ಕಳಿಸುತ್ತಿದ್ದ ಶೇಂಗಾ ಉಂಡಿಯ ಡಬ್ಬಿ ಹಾಗೆ ನನ್ನ ತರಗತಿಯ ಮೇಜಿಗೆ ಬಂತು. ತರಗತಿ ಬೇರೆಯೇ ಆಯಿತು. ಬರೆಯುವಾಗ ಬೆನ್ನ ಹಿಂದೆ ಅಷ್ಟೂ ಕಣ್ಣುಗಳು ನೆಟ್ಟಿರುವುದು ತಿಳಿಯುತ್ತಿತ್ತು. ಸರಿಯಾದ ಸಾಲನ್ನೇ ತಪ್ಪು ಎಂದು ಜಗಳವಾಡುವವರು, ಅದನ್ನು ಸರಿ ಎಂದು ತೋರಿಸಲು ತಾವೇ ಎದ್ದು ಬಂದು ಸೀಮೆಸುಣ್ಣ ಕಿತ್ತುಕೊಳ್ಳುವವರು. ಅಷ್ಟು ಗಲಾಟೆಯ ಗಣಿತವನ್ನು ನಾನು ಆಮೇಲೆ ಎಲ್ಲೂ ಕಾಣಲಿಲ್ಲ. ಅಥವಾ ಇಷ್ಟು ವರ್ಷದಲ್ಲಿ ಗಲಾಟೆಯನ್ನು ನಾನೇ ಹೆಚ್ಚಿಸಿಕೊಂಡಿರಬಹುದು.

ಎಲ್ಲರಿಗಿಂತ ಹೆಚ್ಚು ಉಂಡಿ ಗೆದ್ದವಳು ಆರ್.ಟಿ. ನಗರದಿಂದ ಬರುತ್ತಿದ್ದ ಒಬ್ಬ ಹುಡುಗಿ. ಮನೆಯಲ್ಲಿ ದಖ್ಖನಿ ಉರ್ದು ಮಾತು, ಅಪ್ಪ ಶಾಲಾ ಮೇಷ್ಟರು. ಗೆದ್ದದ್ದನ್ನು ತಿನ್ನದೆ ತಮ್ಮಂದಿರಿಗೆಂದು ಕಾಗದದಲ್ಲಿ ಸುತ್ತಿಕೊಳ್ಳುತ್ತಿದ್ದಳು.

ಆಗಾಗ ಸೀನಿಯರ್ ಕೂಡ ಬಂದು ಪಾಠ ಮಾಡುವುದಿತ್ತು. ಹೊಸಬರು ಎಡವುವ ಒಂದು ಜಾಗವನ್ನು ಅವರು ವಿವರಿಸಿದ್ದು ಹೀಗೆ: "ಯಲಹಂಕಕ್ಕ ಒಂದು ಬಸ್ ಐತಿ, ಹೆಬ್ಬಾಳಕ್ಕ ಒಂದು ಬಸ್ ಐತಿ. ಪ್ರತಿ ಊರಿಗೂ ಒಂದು ಬಸ್ ಐತಿ ಅನ್ನೋದು ಖರೆ. ಹಂಗಂತ ಒಂದ ಬಸ್ ಎಲ್ಲಾ ಊರಿಗೂ ಹೋಗ್ತೈತಿ ಅಂದ್ರ? ಹತ್ತಿ ಕೂತು ನೋಡ್ರಿ, ಗೊತ್ತಾಗ್ತೈತಿ." ಇಡೀ ತರಗತಿ ನಕ್ಕಿತ್ತು.

ಥೀಸಿಸ್ ಸಲ್ಲಿಸುವ ಮೊದಲು ವಿಭಾಗದವರ ಎದುರು ಒಂದು ಭಾಷಣ ಕೊಡಬೇಕಿತ್ತು. ಅದರ ಅಭ್ಯಾಸಕ್ಕೆ ಅವರು ನನ್ನ ತರಗತಿಯನ್ನು ಕೇಳಿದರು. ಹುಡುಗರಿಗೆ ಅರ್ಥವಾಗುವಂಥ ಒಂದು ಸಣ್ಣ ಪ್ರಮೇಯ ಆರಿಸಿಕೊಂಡರು. ಸಣ್ಣದಾದರೂ ಇಡೀ ಥೀಸಿಸ್ ಅದರ ಮೇಲೆಯೇ ನಿಂತಿತ್ತು. ಗೈಡ್ ನೋಡಿ ಸರಿ ಎಂದಿದ್ದರು, ನಾನೂ ನೋಡಿದ್ದೆ. ವಾಡಿಕೆಯಂತೆ ಒಂದು ತಪ್ಪು ಇಟ್ಟಿದ್ದೇನೆ ಎಂದು ಹೇಳಿ ಬರೆಯಲು ಶುರುಮಾಡಿದರು.

ಮುಗಿಯುತ್ತಿದ್ದಂತೆ ಆ ಹುಡುಗಿ ಎದ್ದಳು. "ಸರ್, ನಾಲ್ಕನೇ ಸಾಲು. ಆ ಎನ್ ಅನ್ನೋ ಸಂಖ್ಯೆ ಎಲ್ಲಾ ಬಿಂದುಗೂ ಒಂದೇನಾ?"

"ಅಲ್ಲಿ ಇಟ್ಟಿಲ್ಲ ತಂಗಿ ತಪ್ಪು. ಕೆಳಗ ನೋಡು, ಒಂದು ಮೈನಸ್ ಕದ್ದೀನಿ."

"ಅದೂ ನೋಡ್ದೆ ಸರ್. ಆದ್ರೆ ಇದು... ಬಿಂದು ಆರಿಸ್ಕೊಂಡ ಮೇಲೆ ತಾನೇ ನೀವು ಎನ್ ಆರಿಸಿದ್ದು? ಒಂದೊಂದು ಊರಿಗೆ ಒಂದೊಂದು ಬಸ್. ಐದನೇ ಸಾಲಲ್ಲಿ ಎಲ್ಲಾರ್ನೂ ಒಂದೇ ಬಸ್ಸಿಗೆ ಹತ್ತಿಸ್ಬಿಟ್ರಲ್ಲ."

ಅವರು ಹಲಗೆಯತ್ತ ತಿರುಗಿದರು. ಸುಮಾರು ಹೊತ್ತು ಬೆನ್ನು ಮಾತ್ರ ನಮಗೆ ಕಾಣುತ್ತಿತ್ತು. ಆಮೇಲೆ ಭುಜ ಕುಲುಕತೊಡಗಿತು. ಅಳುತ್ತಿದ್ದಾರೆ ಎಂದುಕೊಂಡೆ. ತಿರುಗಿದಾಗ ನಗುತ್ತಿದ್ದರು. ಡಬ್ಬಿಯನ್ನೇ ಎತ್ತಿ ಅವಳ ಬೆಂಚಿನ ಮೇಲಿಟ್ಟರು.

ಸಂಜೆ ಯಶವಂತಪುರದ ಸ್ಟೇಷನ್ನಿನಲ್ಲಿ ಕೂತಾಗ ಆ ನಗು ಇರಲಿಲ್ಲ. "ಮುಗೀತೋ ತಮ್ಮಾ" ಎಂದರು. "ಈ ಒಂದು ಸಾಲು ಹೋದ್ರ ಎಲ್ಲಾ ಹೋತು. ಊರಾಗ ಏನಂತ ಹೇಳಲಿ? ಒಂದು ಹುಡುಗಿ ಬಸ್ಸಿಂದ ಇಳಿಸಿಬಿಟ್ಲು ಅನ್ನಲಾ?" ಹೇಳಿ ತಾವೇ ಸ್ವಲ್ಪ ನಕ್ಕರು. ನನಗೆ ನಗು ಬರಲಿಲ್ಲ.

ಮರುದಿನ ಬೆಳಿಗ್ಗೆ ಅವರು ತರಗತಿಯ ಎದುರು ಹೋಗಿ ನಿಂತರು. "ಕೆಡವಿದವರೇ ಕಟ್ಟಬೇಕು. ಬರ್ರಿ." ಅವತ್ತಿನಿಂದ ಮೊದಲ ಪಿರಿಯಡ್‌ಗೆ ಮುಂಚೆಯೇ ಎಲ್ಲರೂ ಬಂದು ಸೇರುತ್ತಿದ್ದೆವು. ಒಬ್ಬ ಬಾಗಲಗುಂಟೆಯಿಂದ ಸೈಕಲ್ ತುಳಿದು ಬರುತ್ತಿದ್ದ. ಹಲಗೆ ತುಂಬಿ ಗೋಡೆಯ ಮೇಲೂ ಬರೆದೆವು. ಪೂರ್ತಿ ಎಂ.ಎಸ್ಸಿ. ಕೂಡ ಆಗದವರು ಒಬ್ಬರ ಥೀಸಿಸ್‌ಗೆ ಹೆಗಲು ಕೊಡುತ್ತಿದ್ದರು. ಅದರ ಹುಮ್ಮಸ್ಸು ಅವರ ಮುಖದಲ್ಲಿ ಕಾಣುತ್ತಿತ್ತು. ಸೀನಿಯರ್ ಕೂಡ ತಮ್ಮ ಗಂಡಾಂತರ ಮರೆತು, ಯಾರಾದರೂ ಹೊಸ ದಾರಿ ಹೇಳಿದರೆ "ಭಲೇ" ಎಂದು ಡೆಸ್ಕು ಕುಟ್ಟುತ್ತಿದ್ದರು.

ಕೊನೆಗೆ ಒಂದು ಬೆಳಿಗ್ಗೆ ಸೀನಿಯರ್, ಆ ಹುಡುಗಿ, ನಾನು ಮೂವರೂ ಹಲಗೆಯ ಹತ್ತಿರ ನಿಂತಿದ್ದಾಗ ದಾರಿ ಸಿಕ್ಕಿದ್ದು ಒಂದು ಮಾತಿನಿಂದ: "ಬಸ್ಸು ಒಂದೇ ಊರಿಗೆ ಹೋಗಿ ನಿಲ್ಲಲ್ವಲ್ಲ, ಅಕ್ಕಪಕ್ಕದ ಊರಿಗೂ ಹೋಗುತ್ತಲ್ಲ?" ಒಂದು ಬಿಂದುವಿಗೆ ಸರಿಹೋದ ಸಂಖ್ಯೆ ಅದರ ನೆರೆಯ ಬಿಂದುಗಳಿಗೂ ಸರಿಹೋಗುತ್ತದೆ. ಎರಡೂ ತುದಿ ಸೇರಿಸಿಕೊಂಡ ಗೆರೆಯ ಮೇಲೆ ಅಂಥ ಕೆಲವೇ ಬಸ್ಸುಗಳು ಸಾಕು. ಅವುಗಳ ಸಂಖ್ಯೆಗಳಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ಹಿಡಿದರೆ ಎಲ್ಲರಿಗೂ ಅದೇ ಆಗುತ್ತದೆ. ಅವರ ಪ್ರಮೇಯ ತುಸು ಕಿರಿದಾಯಿತು, ಆದರೆ ನಿಂತಿತು. ಅವರು ಸೀಮೆಸುಣ್ಣ ಕೆಳಗಿಟ್ಟು, ಕೈಮುಗಿದು, ಬೆಂಚುಗಳ ನಡುವೆ ಒಂದು ಸುತ್ತು ಕುಣಿದರು. ಕುಣಿದದ್ದು ನಿಜ, ಅದರಲ್ಲಿ ನನಗೆ ಅನುಮಾನವಿಲ್ಲ.

ಥೀಸಿಸ್ ಹೋಯಿತು, ಪದವಿ ಬಂತು. ಅವರು ಬಾಗಲಕೋಟೆಯ ಕಡೆ ಕಾಲೇಜಿಗೆ ಮೇಷ್ಟರಾಗಿ ಹೋದರು. ಮೊದಮೊದಲು ಕಾಗದ ಬರುತ್ತಿತ್ತು, ಆಮೇಲೆ ವರ್ಷಕ್ಕೊಂದು, ಆಮೇಲೆ... ಅವರು ತೀರಿಕೊಂಡ ಸುದ್ದಿ ನನಗೆ ತಲುಪುವಷ್ಟರಲ್ಲಿ ಎಷ್ಟೋ ತಿಂಗಳುಗಳು ಕಳೆದಿದ್ದವು.

ಆ ಹುಡುಗಿ ಈಗ ನಿವೃತ್ತ ಪ್ರಾಧ್ಯಾಪಕಿ. ಅಂಗಡಿಯಿಂದ ಮನೆಗೆ ಬಂದವನು ಅವಳಿಗೆ ಫೋನ್ ಮಾಡಿದೆ. ಬಸ್ಸು ಅಕ್ಕಪಕ್ಕದ ಊರಿಗೂ ಹೋಗುತ್ತೆ ಅನ್ನೋ ಆ ಮಾತು ಎಷ್ಟು ಚೆನ್ನಾಗಿ ಹೇಳಿದ್ದೆ ನೀನು ಎಂದೆ.

"ನಾನೆಲ್ಲಿ ಹೇಳ್ದೆ ಸರ್? ಹೇಳಿದ್ದು ನೀವು. ಸೀಮೆಸುಣ್ಣ ನಿಮ್ಮ ಕೈಲೇ ಇತ್ತು."

"ಇಲ್ಲಮ್ಮ, ನೀನೇ. ನೀಲಿ ದುಪಟ್ಟಾ ಹಾಕಿದ್ದೆ, ಅದೂ ನೆನಪಿದೆ."

"ನನ್ ಹತ್ರ ನೀಲಿ ದುಪಟ್ಟಾನೇ ಇರ್ಲಿಲ್ಲ ಸರ್. ನಿಮಗೆ ವಯಸ್ಸಾಯ್ತು."

"ನಿನಗೆ ಆಗ್ಲಿಲ್ವಾ?"

ಇಬ್ಬರೂ ನಕ್ಕೆವು. ನಗು ನಿಂತ ಮೇಲೆ ಅವಳು, "ಅವರಿದ್ದಿದ್ರೆ ಕೇಳ್ಬಿಡಬಹುದಿತ್ತು" ಎಂದಳು. ಅವತ್ತು ಹಲಗೆಯ ಹತ್ತಿರ ನಿಂತಿದ್ದ ಮೂವರಲ್ಲಿ ಉಳಿದವರು ನಾವಿಬ್ಬರು. ಇಬ್ಬರೂ ಆ ಮಾತು ನನ್ನದಲ್ಲ ಎನ್ನುತ್ತಿದ್ದೇವೆ.