ಬಾರ್ಲಿಯ ಸಿಹಿ, ಹಳದಿ ಅಂಗಿ

ವರ್ಲ್ಡ್ ಕಪ್ ಬಂದ ವರ್ಷ ನಾನು ಗಲ್ಫಿನ ಉಮ್ಮ್ ಸಲಾಲ್‌ನಲ್ಲಿ ಮಗಳ ಮನೆಯಲ್ಲಿದ್ದೆ. ಫುಟ್‌ಬಾಲ್ ನನಗೆ ಬೇಕಿರಲಿಲ್ಲ. ಅಷ್ಟೊಂದು ಗಂಡಸರು ಒಂದೇ ಚೆಂಡಿಗೆ ಓಡುವುದರಲ್ಲಿ ನೋಡುವುದೇನಿದೆ? ಅಳಿಯನಿಗೆ ಮಾತ್ರ ಅದರ ಹುಚ್ಚು. ಪಕ್ಕದ ಮನೆಯ ಬ್ಯಾರಿ ಬಟ್ಟೆ ವ್ಯಾಪಾರಿಗೆ ಇನ್ನೂ ಹೆಚ್ಚು. ಇವನದು ನೀಲಿ ಪಟ್ಟೆಯ ತಂಡ, ಅವರದು ಹಳದಿ ಅಂಗಿಯ ತಂಡ.

ಅವರು ಮ್ಯಾಚ್ ನೋಡಲು ಬರುವಾಗ ಅಂಗಡಿಯ ಮಾಲ್ಟ್ ಡಬ್ಬಿ ತರುತ್ತಿದ್ದರು, ಮೊಳಕೆ ಬಾರ್ಲಿಯ ಪಾನೀಯ, ಅಮಲಿಲ್ಲದ್ದು. ಒಂದು ದಿನ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟೆ.

"ಇದು ಬರೀ ಸಕ್ಕರೆ ನೀರು. ಮೊಳಕೆ ಬಂದ ಕಾಳಿಗೆ ಸಕ್ಕರೆ ಯಾಕೆ? ಸಿಹಿ ಅದರೊಳಗೇ ಇರುತ್ತೆ."

"ಹಾಗಾದ್ರೆ ಮಾಡಿ ತೋರಿಸಿ ಅಮ್ಮ. ಸಿಹಿ ಬರ್ಲಿಲ್ಲಾಂದ್ರೆ ನೀವು ನಮ್ಮ ಹಳದಿ ಅಂಗಿ ಹಾಕಿ ಮ್ಯಾಚ್ ನೋಡ್ಬೇಕು."

"ಬಂದ್ರೆ?"

"ನಿಮ್ಮ ಅಳಿಯನದ್ದು ನಾನು ಹಾಕ್ತೇನೆ. ಖಲಾಸ್."

ಅಳಿಯನ ಮುಖ ಸಣ್ಣದಾಯಿತು. ಸೀರೆಯ ಮೇಲೆ ಹಳದಿ ಅಂಗಿ ತೊಟ್ಟ ಅತ್ತೆಯ ಫೋಟೋ ಆಫೀಸಿನವರ ಫೋನುಗಳಲ್ಲೆಲ್ಲ ಓಡಾಡುವುದು ಅವನ ಕಣ್ಣಿಗೆ ಆಗಲೇ ಕಂಡಿರಬೇಕು.

ಸಿಪ್ಪೆ ಇರುವ ಬಾರ್ಲಿ ತರಿಸಿದೆ. ರಾಗಿಗೆ ಮಾಡುವ ಹಾಗೆ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು, ಮೊಳಕೆ ಬಂದ ಮೇಲೆ ಬಾಲ್ಕನಿಯಲ್ಲಿ ಒಣಗಿಸಿದೆ. ಬೇರು ಉಜ್ಜಿ ತೆಗೆದು ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿದೆ. ಜೀವಮಾನವೆಲ್ಲ ಮುದ್ದೆ ತಿರುವಿದ ಕೈ ನನ್ನದು. ಇದಕ್ಕೂ ಕುದಿಯುವ ಎಸರನ್ನೇ ಸುರಿದೆ. ಪಾತ್ರೆಯಲ್ಲಿ ಅಂಟಂಟು ಗಂಜಿಯಾಯಿತು. ಸಿಹಿ ಹೆಸರಿಗೂ ಇರಲಿಲ್ಲ.

ಪಕ್ಕದ ಮನೆಯವರು ಬಗ್ಗಿ ನೋಡಿದರು. "ಎಂತ ಅಮ್ಮ, ಗೋಡೆಗೆ ಪೋಸ್ಟರ್ ಹಚ್ಚುದಾ? ಅಂಗಿಗೆ ಇಸ್ತ್ರಿ ಹಾಕಿ ಇಟ್ಟಿದ್ದೇನೆ."

ಅವರು ಹೋದ ಮೇಲೆ ಅಳಿಯ ಫೋನಿನಲ್ಲಿ ಓದಿಕೊಂಡು ಬಂದ. "ಅತ್ತೆ, ಮೊಳಕೆಯಲ್ಲಿರೋ ಸತ್ವಾನೇ ಹಿಟ್ಟನ್ನ ಸಿಹಿ ಮಾಡೋದು. ಕುದಿಯೋ ನೀರು ಬಿದ್ರೆ ಅದು ಸತ್ತುಹೋಗುತ್ತೆ. ಚೆನ್ನಾಗಿ ಬಿಸಿ ಇರ್ಬೇಕು, ಕುದೀಬಾರ್ದು."

"ಮೊದಲೇ ಹೇಳೋಕೆ ಬಾಯಿಗೇನಾಗಿತ್ತು?"

"ಹೇಳಿದ್ರೆ ನೀವು ಕೇಳ್ತಿದ್ರಾ?"

ಕೇಳುತ್ತಿರಲಿಲ್ಲ.

ಎರಡನೇ ಸಲ ಇಬ್ಬರೂ ಸೇರಿ ನಿಂತೆವು. ಈ ಬಾರಿ ಪುಡಿ ಮಾಡದೆ ರವೆಯಂತೆ ಒಡೆದೆ, ಸಿಪ್ಪೆ ಉಳಿದರೆ ನೀರು ಸಲೀಸಾಗಿ ಇಳಿಯುತ್ತದೆ. ಅವನು ಥರ್ಮಾಮೀಟರ್ ಹಿಡಿದು ಬಿಸಿ ನೋಡಿದ, ಪಾತ್ರೆಗೆ ತನ್ನ ಕಂಬಳಿಯನ್ನೇ ಸುತ್ತಿದ. ಒಂದು ಗಂಟೆ ಬಿಟ್ಟು ಸೋಸಿದರೆ ನೀರು ಸಿಹಿ! ಆದರೆ ಉಳಿದ ತರಿಯನ್ನು ಅಗಿದು ನೋಡಿದೆ, ಅದೂ ಸಿಹಿ.

"ಅರ್ಧ ಸಿಹಿ ಇನ್ನೂ ಇಲ್ಲೇ ಕೂತಿದೆ" ಎಂದೆ.

"ಅದೇ ಎಫಿಷಿಯನ್ಸಿ ಅತ್ತೆ. ಕಾಳಲ್ಲಿದ್ದ ಸಿಹಿಯಲ್ಲಿ ನೀರಿಗೆ ಎಷ್ಟು ಬಂತು ಅನ್ನೋದು."

ಹೆಸರು ಏನಾದರೂ ಇರಲಿ. ತೆಂಗಿನಕಾಯಿಗೆ ಎರಡನೇ ಹಾಲು ತೆಗೆಯುವುದಿಲ್ಲವೇ? ತರಿಯನ್ನು ಬಟ್ಟೆಗೆ ಹಾಕಿ ಮೇಲಿನಿಂದ ಬಿಸಿನೀರು ಬಿಟ್ಟೆ. ಹಿಂಡಲು ಹೋದಾಗ ಅಳಿಯ ಕೈ ಹಿಡಿದ, ಸಿಪ್ಪೆಯ ಒಗರು ಇಳಿಯುತ್ತದಂತೆ. ಸರಿ ಎಂದು ಸ್ವಲ್ಪ ಸ್ವಲ್ಪವೇ ಸುರಿದೆ, ಇಳಿಯುವ ನೀರು ಸಪ್ಪೆಯಾಗುವವರೆಗೆ. ಎಲ್ಲವನ್ನೂ ಸೇರಿಸಿ ಶುಂಠಿ ಜಜ್ಜಿ ಹಾಕಿ ಕುದಿಸಿ, ಆರಿಸಿ ಫ್ರಿಜ್ಜಿನಲ್ಲಿಟ್ಟೆ.

ಅಂದೇ ಸಂಜೆ ಹಳದಿ ತಂಡದ ಮ್ಯಾಚ್. ಪಕ್ಕದ ಮನೆಯವರು ಒಂದು ಗುಟುಕು ಕುಡಿದು ನನ್ನ ಮುಖ ನೋಡಿದರು. "ಸಕ್ಕರೆ?"

"ಮಾಫಿ" ಎಂದೆ. ಇಲ್ಲ ಎನ್ನುವುದಕ್ಕೆ ಅರಬರ ಮಾತು ಅಷ್ಟೊತ್ತಿಗೆ ನನಗೂ ಬಂದಿತ್ತು.

ಜೊತೆಗೆ ಬಂದಿದ್ದ ಅವರ ಹೆಂಡತಿ ಲೋಟ ಕಿತ್ತುಕೊಂಡು ಕುಡಿದರು. "ಬೆಲ್ಲ ಹಾಕಿದ ಹಾಗುಂಟು. ಸುಮ್ನೆ ನಾಟಕ ಬೇಡ, ಅಂಗಿ ಹಾಕಿ."

ಅಳಿಯನ ನೀಲಿ ಪಟ್ಟೆಯ ಅಂಗಿ ವ್ಯಾಪಾರಿಯ ಹೊಟ್ಟೆಯ ಮೇಲೆ ಅರ್ಧಕ್ಕೇ ನಿಂತಿತು. ಹಳದಿ ತಂಡ ಗೋಲು ಹೊಡೆದಾಗ ಎರಡೂ ಕೈ ಎತ್ತಿ ಹಾರಿದರು. ಕಂಕುಳಿನಿಂದ ಸೊಂಟದವರೆಗೆ ಹೊಲಿಗೆ ಬಿಟ್ಟಿತು.

"ಅಯ್ಯೋ, ನನ್ನ ಅಂಗಿ!" ಎಂದು ಅಳಿಯ ಎದ್ದ.

"ಅಂಗಿ ಹೋಗ್ಲಿ ಮಾರಾಯ್ರೆ" ಎಂದು ಅವರು ನನ್ನತ್ತ ಲೋಟ ಚಾಚಿದರು. "ಅಮ್ಮ, ಇನ್ನು ಸ್ವಲ್ಪ ಹಾಕಿ."