ತೊಟ್ಟಿಲಿನ ಹಾಳೆ ಹರಿದ ದಿನ

ಹುನಗುಂದದ ತಹಶೀಲ್ದಾರ್ ಕಚೇರಿಯ ಎದುರು ನಾನೂ ನನ್ನ ಗೆಳತಿಯೂ ಸೇರಿ ಏಳು ವರ್ಷ ಝೆರಾಕ್ಸ್ ಅಂಗಡಿ ನಡೆಸಿದೆವು. ಬಾಗಲಕೋಟೆಯ ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂತ ಹುಡುಗಿಯರು ನಾವು. ಅವಳ ಊರು ಕುಳಗೇರಿ ಕ್ರಾಸ್. ಹುನಗುಂದದಲ್ಲಿ ಸೋದರತ್ತೆಯ ಮನೆಯಲ್ಲಿ ಇದ್ದಳು. ಬೆಳಿಗ್ಗೆ ನಾನು ಶಟರ್ ಎತ್ತುವಷ್ಟರಲ್ಲಿ ಎರಡು ಬುತ್ತಿ ಹಿಡಿದು ಬಂದುಬಿಡುತ್ತಿದ್ದಳು. ಒಂದು ಅವಳದು, ಒಂದು ನನಗೆ. ನಮ್ಮ ಮನೆಯ ರೊಟ್ಟಿ ದಪ್ಪ ಎಂದು ಅವಳ ತಕರಾರು.

ಮಂದಿಯ ಜೊತೆ ಮಾತು ನನ್ನ ಪಾಲು, ಮಿಷನ್ ಅವಳ ಪಾಲು. ನಮ್ಮದು ಪ್ರಿಂಟರ್, ಝೆರಾಕ್ಸ್ ಎರಡೂ ಆಗುವ ದೊಡ್ಡ ಮಿಷನ್. ಹಾಳೆ ಸಿಕ್ಕಿಕೊಂಡಾಗ ಅದು ಒಂದು ಕೆಂಪು ದೀಪ ಹೊತ್ತಿಸಿ ಸುಮ್ಮನಾಗುತ್ತಿತ್ತು. ಆಗ ನನಗೆ ಕೈಕಾಲು ಆಡುತ್ತಿರಲಿಲ್ಲ. ಅವಳು ಮಾತ್ರ ಮೊದಲು ಸ್ವಿಚ್ ಆರಿಸಿ, ಬಳೆ ಮೇಲಕ್ಕೆ ಸರಿಸಿ, ಬಾಗಿಲು ತೆಗೆದು ಒಳಗೆ ಟಾರ್ಚ್ ಬಿಡುತ್ತಿದ್ದಳು.

"ಹಾಳಿ ಯಾವ ಕಡೆ ಹೊಂಟಿತ್ತೋ ಅದಽ ಕಡೆ ಕರಕೊಂಡ ಬರಬೇಕು. ಹಿಂದಕ್ಕ ಜಗ್ಗಬ್ಯಾಡ. ಎರಡೂ ಕೈಲೆ ಹಿಡಿ, ಸಾವಕಾಶ," ಎನ್ನುತ್ತಿದ್ದಳು. ಬಂದ ಹಾಳೆಯ ನಾಲ್ಕೂ ಮೂಲೆ ಸರಿಯಾಗಿವೆಯೇ ಎಂದು ನೋಡುತ್ತಿದ್ದಳು. ಒಂದು ಚೂರು ಒಳಗೆ ಉಳಿದರೂ ಮುಂದಿನ ಹಾಳೆ ಅದಕ್ಕೇ ಸಿಕ್ಕಿಕೊಳ್ಳುತ್ತದೆ ಎಂದು ಅವಳಿಗೆ ಗೊತ್ತು. ಮಳೆಗಾಲದಲ್ಲಿ ಕಾಗದದ ಕಟ್ಟನ್ನು ಒಡೆದು ಹೊರಗೆ ಇಡಲು ಬಿಡುತ್ತಿರಲಿಲ್ಲ. ಕಬ್ಬಿಣದ ಕಪಾಟಿನಲ್ಲಿಟ್ಟು, ಬೇಕಾದಷ್ಟೇ ತೆಗೆದು, ಇಸ್ಪೀಟಿನ ಎಲೆಯಂತೆ ಬಿಡಿಸಿ ಗಾಳಿಯಾಡಿಸಿ ಹಾಕುತ್ತಿದ್ದಳು. ರಸ್ತೆಯ ಧೂಳು ಕೂತ ರಬ್ಬರ್ ಉರುಳೆಗಳನ್ನು ಸೋಮವಾರಕ್ಕೊಮ್ಮೆ ಒದ್ದೆ ಅರಿವೆಯಿಂದ ಒರೆಸುತ್ತಿದ್ದಳು. ಅಕ್ಕಪಕ್ಕದ ಕಚೇರಿಯವರು ಸಹ ಪ್ರಿಂಟರ್ ನಿಂತರೆ ಅವಳನ್ನೇ ಕರೆಯಲು ಬರುತ್ತಿದ್ದರು.

ಒಂದು ವಿಷಯಕ್ಕೆ ಅವಳು ಬಹಳ ಕಟ್ಟುನಿಟ್ಟು. ಹಳೆಯ ಕಾಗದ, ಮಡಚಿದ ಕಾಗದ, ಪಿನ್ನು ಚುಚ್ಚಿದ ಕಾಗದ ಬಂದರೆ ಮಿಷನ್ನಿನ ಮೇಲ್ಭಾಗದ ತಟ್ಟೆಗೆ ಹಾಕಬಾರದು. ಆ ತಟ್ಟೆ ಹಾಳೆಗಳನ್ನು ತಾನೇ ಒಂದೊಂದಾಗಿ ಒಳಗೆ ಎಳೆದುಕೊಂಡು, ಬಗ್ಗಿಸಿ ಹೊರಗೆ ಹಾಕುತ್ತದೆ. ಕೆಲಸ ಬೇಗ, ಆದರೆ ಹಳೆಯ ಕಾಗದ ಆ ಬಾಗು ತಡೆಯುವುದಿಲ್ಲ. "ಅಂಥಾವು ಗಾಜಿನ ಮ್ಯಾಲೆ ಒಂದೊಂದ ಇಟ್ಟು ತಗಿ. ಹೊತ್ತಾದ್ರ ಆಗಲಿ," ಎಂದು ನೂರು ಸಲ ಹೇಳಿದ್ದಳು.

ಆ ದಿನ ಬೆಳಗಿನಿಂದ ಜಿಟಿಜಿಟಿ ಮಳೆ. ಯಾವುದೋ ಅರ್ಜಿಗೆ ಕೊನೆಯ ದಿನವಿತ್ತು; ಅಂಗಡಿಯ ತುಂಬ ಒದ್ದೆ ಕೊಡೆ ಹಿಡಿದ ಮಂದಿ. ಬಾಗಲಕೋಟೆಯಿಂದ ಬಸ್ಸಿಗೆ ಹಾಕಿದ್ದ, ಮಿಷನ್ನಿನ ಶಾಯಿಪುಡಿಯ ಪಾರ್ಸೆಲ್ ತರಲು ಗೆಳತಿ ಬಸ್ ಸ್ಟ್ಯಾಂಡಿಗೆ ಹೋಗಿದ್ದಳು. ಆಗ ಇಳಕಲ್ಲಿನ ಒಬ್ಬ ಶಿಕ್ಷಕಿ ಬಂದರು. ನಿವೃತ್ತರು, ಪಿಂಚಣಿ ಕೆಲಸಕ್ಕೆ ಖಜಾನೆಗೆ ಬಂದಿದ್ದರು. ಪ್ಲಾಸ್ಟಿಕ್ ಚೀಲದೊಳಗಿನ ಟವೆಲ್ ಬಿಚ್ಚಿ ಹನ್ನೊಂದು ಹಾಳೆ ತೆಗೆದರು. ಗಣಿತದ ವಹಿಯ ಚೌಕುಳಿ ಹಾಳೆಗಳು, ಹಳದಿಯಾಗಿದ್ದವು. ಒಂದೊಂದರ ಮೇಲೂ ಪೆನ್ಸಿಲ್ಲಿನಲ್ಲಿ ಮನೆ ಮನೆ ಎಣಿಸಿ ಬರೆದ ಕಸೂತಿಯ ನಕ್ಷೆ: ಆನೆ, ಗೋಪುರ, ತುಳಸಿಕಟ್ಟೆ, ತೊಟ್ಟಿಲು.

"ನಮ್ಮ ಅವ್ವ ಬರದದ್ದು. ಆಕಿ ಕೈಯಾಂದು ಇಷ್ಟ ಉಳದದ. ನನ್ನ ತಂಗ್ಯಾರಿಗೆ ಎರಡ ಸೆಟ್ ಮಾಡಿಡ್ರಿ. ಖಜಾನಿಗೆ ಹೋಗಿ ಬರ್ತೇನಿ," ಎಂದು ಹಾಳೆ ಕೊಟ್ಟು ಹೋದರು.

ಗಾಜಿನ ಮೇಲೆ ಒಂದೊಂದೇ ಇಟ್ಟರೆ ಹತ್ತು ನಿಮಿಷವಾಗುತ್ತಿತ್ತು. ಎದುರಿಗೆ ಮಂದಿ ಗೊಣಗುತ್ತಿದ್ದರು. ನಾನು ಹನ್ನೊಂದನ್ನೂ ಸೇರಿಸಿ ಮೇಲಿನ ತಟ್ಟೆಗೆ ಹಾಕಿ ಬಟನ್ ಒತ್ತಿದೆ. ಮೂರು ಹಾಳೆ ಸರಿಯಾಗಿ ಹೋದವು. ನಾಲ್ಕನೆಯದೂ ಐದನೆಯದೂ ಒಂದಕ್ಕೊಂದು ಅಂಟಿಕೊಂಡು ಒಟ್ಟಿಗೆ ಹೋದವು. ಕರಕರ ಎಂದು ಸದ್ದಾಯಿತು, ಕೆಂಪು ದೀಪ ಬಂತು. ಗಾಬರಿಯಲ್ಲಿ ನಾನು ಸ್ವಿಚ್ಚನ್ನೂ ಆರಿಸಲಿಲ್ಲ. ಹೊರಗೆ ಕಾಣುತ್ತಿದ್ದ ತುದಿಯನ್ನು ಹಿಡಿದು ಹಿಂದಕ್ಕೆ ಎಳೆದೆ. ಅರ್ಧ ಹಾಳೆ ನನ್ನ ಕೈಗೆ ಬಂತು.

ಗೆಳತಿ ಒಳಗೆ ಬಂದವಳು ನನ್ನ ಮುಖ ನೋಡಿಯೇ ಪಾರ್ಸೆಲ್ ಕೆಳಗಿಟ್ಟಳು. ನನ್ನನ್ನು ಬದಿಗೆ ಸರಿಸಿ, ಸ್ವಿಚ್ ಆರಿಸಿ, ಮುಚ್ಚಳ ಎತ್ತಿ, ಚಿಮುಟದಿಂದ ಒಂದೊಂದೇ ಚೂರು ಬಿಡಿಸತೊಡಗಿದಳು. ತೊಟ್ಟಿಲಿನ ಹಾಳೆ ಏಳೆಂಟು ಚೂರಾಗಿತ್ತು, ತುಳಸಿಕಟ್ಟೆಯದು ಅಡ್ಡಡ್ಡ ಸೀಳಿತ್ತು. ಅವಳ ಅಂಗೈಯಲ್ಲಿ ಆ ಚೂರುಗಳಿರುವಾಗಲೇ ಶಿಕ್ಷಕಿ ತಿರುಗಿ ಬಂದರು.

ಅವರು ಮೊದಲು ಅಂಗೈ ನೋಡಿದರು, ಆಮೇಲೆ ಅವಳ ಮುಖ.

"ಏನ್ ಮಾಡಿದಿ ನೀ?" ಎಂದರು. ದನಿ ಏರಲಿಲ್ಲ.

ಗೆಳತಿ ನನ್ನ ಕಡೆ ಒಮ್ಮೆ ತಿರುಗಿದಳು. ನಾನು ಹೇಳಬೇಕಾದದ್ದು ಎರಡೇ ಮಾತು. ಅಂಗಡಿಯ ತುಂಬ ನನ್ನ ಪರಿಚಯದವರು ನಿಂತಿದ್ದರು. ನಾನು ಕೌಂಟರಿನ ಮೇಲಿದ್ದ ಬೇರೆಯವರ ಅರ್ಜಿಗಳನ್ನು ಜೋಡಿಸುತ್ತ ನಿಂತೆ.

"ತಪ್ಪಾತ್ರಿ, ಟೀಚರ್," ಎಂದಳು ಅವಳು. "ನಾ ಸರಿ ಮಾಡಿ ಕೊಡ್ತೇನಿ."

"ಏನ್ ಸರಿ ಮಾಡ್ತಿ? ಕೈಯಾಗ ಜ್ವಾಕಿ ಇಲ್ಲಂದ್ರ ಇಂಥಾ ಕೆಲಸಾ ಯಾಕ ಮಾಡ್ತೀರಿ?" ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ಉಳಿದ ಹಾಳೆಗಳನ್ನು ಟವೆಲಿನಲ್ಲಿ ಸುತ್ತಿಕೊಂಡರು. ಚೂರುಗಳನ್ನು ಮಾತ್ರ ಗೆಳತಿ ಬೇಡಿ ಇಟ್ಟುಕೊಂಡಳು.

ಅವರು ಹೋದ ಮೇಲೆ ನಾನು "ಕೇಳ ಇಲ್ಲೆ..." ಎಂದು ಶುರು ಮಾಡಿದೆ. ಅವಳು "ಮಂದಿ ನಿಂತಾರ, ನೋಡು," ಎಂದಳು ಅಷ್ಟೇ.

ಹದಿನೈದು ದಿನ ಅವಳು ಊಟದ ಹೊತ್ತಿನಲ್ಲಿ ಆ ಚೂರುಗಳನ್ನು ಮುಂದಿಟ್ಟುಕೊಂಡು ಕೂತಳು. ಗಾಜಿನ ಹಾಳೆಯ ಮೇಲೆ ಜೋಡಿಸಿ, ಫೋಟೋ ತೆಗೆದು ದೊಡ್ಡದು ಮಾಡಿ, ಅಳಿಸಿಹೋದ ಕಡೆ ಮನೆ ಎಣಿಸಿ, ಹೊಸ ಚೌಕುಳಿ ಹಾಳೆಯ ಮೇಲೆ ಪೆನ್ಸಿಲ್ಲಿನಲ್ಲಿ ತೊಟ್ಟಿಲನ್ನೂ ತುಳಸಿಕಟ್ಟೆಯನ್ನೂ ಮತ್ತೆ ಬರೆದಳು. ಒಂದು ಭಾನುವಾರ ಒಬ್ಬಳೇ ಇಳಕಲ್ಲಿಗೆ ಹೋಗಿ ಕೊಟ್ಟು ಬಂದಳು. ಏನಂದರು ಎಂದು ನಾನು ಕೇಳಿದೆ. "ಇಸ್ಕೊಂಡ್ರು," ಎಂದಳು.

ಅದರ ನಂತರವೂ ನಾಲ್ಕು ತಿಂಗಳು ಜೊತೆಗೆ ಕೆಲಸ ಮಾಡಿದೆವು. ಎರಡು ಬುತ್ತಿ ಬರುತ್ತಲೇ ಇದ್ದವು. ಕೆಲಸಕ್ಕೆ ಬೇಕಾದ ಮಾತೆಲ್ಲ ಆಡುತ್ತಿದ್ದಳು. ಮನೆಯ ಸುದ್ದಿ ಹೇಳುವುದನ್ನು ಮಾತ್ರ ನಿಲ್ಲಿಸಿದಳು. ಕೆಲವರು ಹಳೆಯ ಕಾಗದ ತಂದರೆ "ಆಕಿ ಕಡೆ ಕೊಡಬ್ಯಾಡ್ರಿ, ನೀವಽ ಮಾಡ್ರಿ," ಎಂದು ನನಗೆ ಹೇಳುತ್ತಿದ್ದರು. ಅವಳು ಕೇಳಿಸಿಕೊಳ್ಳುತ್ತಿದ್ದಳು. ಆಗಲೂ ನಾನು ಬಾಯಿ ಬಿಡಲಿಲ್ಲ. ಒಂದು ಸಲ ಸುಮ್ಮನಿದ್ದವಳಿಗೆ ಎರಡನೆಯ ಸಲ ಇನ್ನೂ ಕಷ್ಟವಾಯಿತು.

ಕೊನೆಗೆ ಒಂದು ಸಂಜೆ ಬಾದಾಮಿಯ ಒಂದು ಕಾಲೇಜಿನ ಕಚೇರಿಯಲ್ಲಿ ಕೆಲಸ ಸಿಕ್ಕಿದೆ ಎಂದಳು.

"ಅವತ್ತಿಂದಕ್ಕ ಹೊಂಟಿ ಏನು?" ಎಂದೆ.

ಉರುಳೆ ಒರೆಸುತ್ತಿದ್ದ ಅರಿವೆಯನ್ನು ಮಡಚಿಟ್ಟಳು. "ಹಾಳಿ ಹರದದ್ದಕ್ಕ ಅಲ್ಲ. ಯಾರ ಕೈಲೆನೂ ಹರೀತದ. ನಾ ನಿನ್ನ ಮಾರಿ ನೋಡಿದ್ನಿ, ನೀ ಕಾಗದಾ ಜೋಡಿಸಿದಿ." ಅಷ್ಟು ಹೇಳಿ ಶಟರ್ ಇಳಿಸಲು ನನ್ನ ಜೊತೆ ಕೈಜೋಡಿಸಿದಳು.

ಅವಳಿಲ್ಲದ ಅಂಗಡಿಯಲ್ಲಿ ಹಾಳೆ ಸಿಕ್ಕಿಕೊಂಡಾಗಲೆಲ್ಲ ನಾನೇ ಬಳೆ ಸರಿಸಿ ಕೂರಬೇಕಾಯಿತು. ಕಲಿತೆ. ಒಂದು ವರ್ಷ ಕಳೆದ ಮೇಲೆ, ತಡೆಯಲಾರದೆ, ಇಳಕಲ್ಲಿಗೆ ಹೋಗಿ ಶಿಕ್ಷಕಿಯ ಮನೆ ಹುಡುಕಿದೆ. ನಡೆದದ್ದೆಲ್ಲ ಹೇಳಿದೆ.

"ಆ ಹುಡುಗಿ ಇಲ್ಲಿಗೆ ಬಂದಿದ್ಲು," ಎಂದರು ಅವರು. "ಬಿಸಲಾಗ ಬಂದಿದ್ಲು. ನಾ ಆಕಿನ್ನ ಬಾಗಲದಾಗ ನಿಂದ್ರಿಸಿ ಹಾಳಿ ಇಸ್ಕೊಂಡ್ನಿ. ನೀರ ಬೇಕೇನು ಅಂತನೂ ಕೇಳಲಿಲ್ಲ. ಇದನ್ನ ಅವತ್ತ ಹೇಳಿದ್ರ ನಿನಗೇನ ಹೋಗ್ತಿತ್ತು?"

ಹಗುರಾಗಲು ಹೋದವಳು ಅವರ ಮೇಲೂ ಒಂದು ಭಾರ ಹೊರಿಸಿ ಬಂದೆ. ಅವರು ನನಗೆ ನೀರು ಕೊಟ್ಟರು, ಕುಡಿಯಲಾಗಲಿಲ್ಲ.

ಮರುವಾರ ಬಾದಾಮಿಗೆ ಹೋದೆ. ಗೆಳತಿ ಕಚೇರಿಯ ಹೊರಗಿನ ಬೆಂಚಿನ ಮೇಲೆ ಚಹ ತರಿಸಿದಳು. ಶಿಕ್ಷಕಿಗೆ ಎಲ್ಲ ಹೇಳಿಬಿಟ್ಟೆ ಎಂದೆ.

"ಯಾಕ ಹೇಳಿದಿ? ಪಾಪ, ಮರತಿದ್ರು. ಮತ್ತ ನೊಂದ್ಕೋತಾರ," ಎಂದಳು.

"ನನ್ನ ಮ್ಯಾಲೆ ಸಿಟ್ಟದ ಏನು?"

ಅವಳು ಯೋಚಿಸಿಯೇ ಹೇಳಿದಳು. "ಇಲ್ಲ. ಮೊದಲ ಇತ್ತು. ಈಗ ಇಲ್ಲ."

ಸಿಟ್ಟು ಇದ್ದಿದ್ದರೆ ಅದು ಇಳಿಯುವ ತನಕ ಕಾಯಬಹುದಿತ್ತು. ಕಾಯಲು ಏನೂ ಉಳಿದಿಲ್ಲ ಎಂದು ನನಗೆ ತಿಳಿದದ್ದು ಆ ಬೆಂಚಿನ ಮೇಲೆ. ಅಷ್ಟರಲ್ಲಿ ಒಳಗಿನಿಂದ ಯಾರೋ "ಮೇಡಮ್, ಪ್ರಿಂಟರ್ ಮತ್ತ ನಿಂತೈತ್ರಿ," ಎಂದರು. ಅವಳು ಎದ್ದು ಹೋದಳು. ಕಿಟಕಿಯಿಂದ ಅವಳ ಬೆನ್ನು ಕಾಣುತ್ತಿತ್ತು. ಸ್ವಲ್ಪ ಹೊತ್ತು ನೋಡಿ, ಅವಳು ಬರುವ ಮುಂಚೆ ಹೊರಟೆ.

ಕಳೆದ ಬೇಸಿಗೆಯಲ್ಲಿ ಅವಳ ಲಗ್ನಪತ್ರಿಕೆ ಅಂಚೆಯಲ್ಲಿ ಬಂತು. ಬಾಗಲಕೋಟೆಯಲ್ಲಿ ಅಚ್ಚಾಗಿತ್ತು. ನನ್ನ ಅಂಗಡಿಯಲ್ಲೂ ಲಗ್ನಪತ್ರಿಕೆ ಮಾಡಿಕೊಡುತ್ತೇನೆ. ಅವಳದನ್ನು ನಾನೇ ಮಾಡಬೇಕು ಎಂದು ಅಂಗಡಿ ತೆರೆದಾಗಲೇ ನಾವು ಮಾತಾಡಿಕೊಂಡಿದ್ದೆವು. ಬಾದಾಮಿ ಹತ್ತಿರದ ಬನಶಂಕರಿಯ ಕಲ್ಯಾಣ ಮಂಟಪಕ್ಕೆ ಹೋದೆ. ಸರತಿಯಲ್ಲಿ ನಿಂತು, ಅಕ್ಷತೆ ಹಾಕಿ, ಉಡುಗೊರೆ ಕೊಟ್ಟೆ. ಅವಳು ನಕ್ಕು, ಗಂಡನ ಕಡೆ ತಿರುಗಿ, "ಇವರು ಹುನಗುಂದದವರು. ಮೊದಲ ಒಂದ ಕಡೆ ಕೆಲಸಾ ಮಾಡ್ತಿದ್ವಿ," ಎಂದಳು. ಆಮೇಲೆ ನನಗೆ, "ಊಟಾ ಮಾಡ್ಕೊಂಡ ಹೋಗ್ರಿ," ಎಂದಳು.

ಅವಳು ನನಗೆ 'ರಿ' ಹಚ್ಚಿ ಮಾತಾಡಿದ್ದು ಅದೇ ಮೊದಲು. ಹಿಂದೆ ನಿಂತವರು ಮುಂದೆ ನಡೆಯಿರಿ ಎಂದರು, ನಡೆದೆ. ಊಟಕ್ಕೆ ಕೂತೆ. ಎಲೆಗೆ ಹೋಳಿಗೆ ಹಾಕಿದರು, ತುಪ್ಪ ಹಾಕಿದರು. ತಿಂದದ್ದು ನೆನಪಿಲ್ಲ.

ಪಟ್ಟದಕಲ್ಲು ಮಾರ್ಗವಾಗಿ ಹುನಗುಂದಕ್ಕೆ ಹೋಗುವ ಬಸ್ಸು ಸಿಕ್ಕಿತು. ನನ್ನ ಹಣೆಯ ಅಕ್ಷತೆ ನೋಡಿ ಪಕ್ಕದಲ್ಲಿ ಕೂತ ಹೆಣ್ಣುಮಗಳು, "ಯಾರ ಲಗ್ನಾ ಇತ್ರಿ?" ಎಂದು ಕೇಳಿದಳು.

"ಪರಿಚಯದವರದು," ಎಂದೆ.